ಗುಡ್ಡಕ್ಕೆ ಗಾಯವಾಗದ ದಾರಿ



ಮಲೆನಾಡಿನ ಪ್ರವಾಸೋದ್ಯಮದ ಚರ್ಚೆ ಬಂದಾಗಲೆಲ್ಲ ಎರಡು ಮಾತುಗಳು ಎದುರುಬದುರಾಗಿ ನಿಲ್ಲುತ್ತವೆ. ಗುಡ್ಡಕ್ಕೆ ರೋಪ್‌ವೇ, ನೆತ್ತಿಯವರೆಗೆ ಡಾಂಬರು ರಸ್ತೆ, ಕಣಿವೆಯ ಮೇಲೆ ಗಾಜಿನ ಸೇತುವೆ ಬೇಕೆನ್ನುವವರು 'ವೃದ್ಧರು, ವಿಕಲಚೇತನರು ನೋಡುವುದು ಬೇಡವೇ?' ಎಂದು ಕೇಳುತ್ತಾರೆ. ಇದಕ್ಕೆ ಪರಿಸರಾಸಕ್ತರಲ್ಲಿ ಕೆಲವರು ಕೊಡುವ ಉತ್ತರ: 'ನಡೆಯಬಲ್ಲವರು ಬರಲಿ, ಉಳಿದವರು ಚಿತ್ರದಲ್ಲಿ ನೋಡಲಿ.' ಮೊದಲನೆಯದು ವಿಕಲಚೇತನರ ಹೆಸರಿನಲ್ಲಿ ಕಾಮಗಾರಿ ಪಡೆಯುವ ಮಾತು. ಎರಡನೆಯದು ಕಾಡಿನ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಡುವ ಮಾತು. ಎರಡೂ ಸಲ್ಲದು. ಗುಡ್ಡಕ್ಕೆ ಗಾಯ ಮಾಡದೆಯೇ ಎಲ್ಲರಿಗೂ ದಾರಿ ಮಾಡಲು ಸಾಧ್ಯ ಎಂಬುದೇ ಇಂದಿನ ವಿಚಾರ.

ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1971ರಲ್ಲಿ. ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ. ಇವು ಸಾರ್ವಜನಿಕ ಸಂಸ್ಥೆಗಳು. ಖಾಸಗಿ ಹೋಟೆಲಿನ ಮಾಲೀಕ ತನಗೆ ಬೇಕಾದ ಗಿರಾಕಿಯನ್ನು ಎದುರಿಗಿಟ್ಟುಕೊಂಡು ಕಟ್ಟಡ ಕಟ್ಟಬಹುದು. ಸಾರ್ವಜನಿಕ ಸಂಸ್ಥೆಗೆ ನಾಡಿನ ಪ್ರತಿಯೊಬ್ಬರೂ ಒಡೆಯರು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಮಂಡಿನೋವಿನ ಅಜ್ಜಿ, ಬಸುರಿ ಹೆಂಗಸು, ಕೂಸನ್ನೆತ್ತಿಕೊಂಡ ತಾಯಿ ಈ ಲೆಕ್ಕದಲ್ಲಿ ಸೇರಿಲ್ಲ. ಮೆಟ್ಟಿಲು ಇವರೆಲ್ಲರಿಗೂ ಒಂದೇ ರೀತಿಯ ತಡೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸರ್ಕಾರಿ ಸಂಸ್ಥೆಗಳ ಹುದ್ದೆಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿ ವಿಧಿಸಿತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರೂ ಬಳಸುವಂತೆ ಮಾರ್ಪಡಿಸಬೇಕೆಂದಿತು. ನಿಯಮಗಳು ಪ್ರಕಟವಾದದ್ದು 2017ರಲ್ಲಿ. ಅವಧಿ ಮುಗಿದದ್ದು 2022ರಲ್ಲಿ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಮಾನದಂಡಗಳು ಕೇವಲ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು. ಆದ್ದರಿಂದ ಇದು ದಯೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ.

ಈ ಹಕ್ಕು ಈಡೇರಬೇಕಾದರೆ ಗುಡ್ಡ ಕಡಿಯಬೇಕೆ? ಇಲ್ಲಿ ಮಣ್ಣಿನ ವಿಜ್ಞಾನ ಒಂದು ಮಾತು ಹೇಳುತ್ತದೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ಒಂದಕ್ಕೆ ಹನ್ನೆರಡು. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ದೂರದ ಕಾಲುದಾರಿಯಾದರೆ ಇನ್ನೂ ನಿಧಾನದ ಏರು ಬೇಕು. ಇನ್ನು ಮಣ್ಣಿನ ಸವಕಳಿಯನ್ನು ನೋಡಿದರೆ, ಇಳಿಜಾರು ಕಡಿದಾದಷ್ಟೂ ನೀರಿನ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಕೊಚ್ಚಿಹೋಗುವ ಮಣ್ಣು ಹೆಚ್ಚು. ನೆತ್ತಿಗೆ ನೇರವಾಗಿ ಏರುವ ದಾರಿ ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ಹಳ್ಳವಾಗುವುದನ್ನು ಮಲೆನಾಡಿಗರು ಕಂಡೇ ಇದ್ದಾರೆ. ಗುಡ್ಡದ ಸಮಪಾತಳಿಯನ್ನು ಅನುಸರಿಸಿ, ಬಳಸಿಕೊಂಡು ಹೋಗುವ ಕಿರುದಾರಿ ಮಣ್ಣನ್ನೂ ಉಳಿಸುತ್ತದೆ, ಗಾಲಿಯನ್ನೂ ಸಾಗಿಸುತ್ತದೆ. ಅದಕ್ಕೆ ಸಿಮೆಂಟು ಬೇಕಿಲ್ಲ. ಜಂಬಿಟ್ಟಿಗೆಯ ಗೊಚ್ಚು ಹಾಸಿ, ಚೆನ್ನಾಗಿ ದಮ್ಮಸು ಮಾಡಿ, ನೀರು ಪಕ್ಕಕ್ಕೆ ಹರಿಯುವಂತೆ ತುಸು ಓರೆ ಕೊಟ್ಟು, ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ದುರಸ್ತಿ ಮಾಡಿದರೆ ಸಾಕು. ಆ ದುರಸ್ತಿ ಊರಿನವರಿಗೇ ಕೆಲಸ. ಇದಕ್ಕೆ ತದ್ವಿರುದ್ಧವಾದ ಪಾಠವೂ ಕಣ್ಣೆದುರಿಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ಗುಡ್ಡದ ಬುಡ ಕಡಿದು ಮಾಡುವ 'ಸೌಕರ್ಯ' ಯಾರಿಗೂ ಸೌಕರ್ಯವಲ್ಲ.

ಎಲ್ಲ ಜಾಗಕ್ಕೂ ಗಾಲಿ ಹೋಗಲಾರದು, ಹೋಗಬೇಕಾಗಿಯೂ ಇಲ್ಲ. ಜೋಗದಲ್ಲಿ ಕಣಿವೆಯ ತಳಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇಳಿಯಬೇಕು. ಅಲ್ಲಿಗೆ ಯಂತ್ರ ಇಳಿಸುವುದು ಉತ್ತರವಲ್ಲ. ಬಹುಮಂದಿ ಜೋಗವನ್ನು ನೋಡುವುದು ಮೇಲಿನಿಂದಲೇ. ಆ ಮೇಲಿನ ತಾಣದಲ್ಲಿ ಮೆಟ್ಟಿಲಿಲ್ಲದ ದಾರಿ, ಕುಳಿತವರ ನೋಟಕ್ಕೆ ಅಡ್ಡ ಬಾರದ ಕಟಕಟೆ, ಗಾಲಿಕುರ್ಚಿ ತಿರುಗಬಲ್ಲ ಶೌಚಾಲಯ ಇದ್ದರೆ ಬಹುಪಾಲು ಕೆಲಸ ಮುಗಿಯಿತು. ಕಣ್ಣು ಕಾಣದವರಿಗೆ ಜಲಪಾತವೆಂದರೆ ಭೋರ್ಗರೆತ, ಮುಖಕ್ಕೆ ತಾಗುವ ತುಂತುರು, ಒದ್ದೆ ಮಣ್ಣಿನ ವಾಸನೆ. ಅವರಿಗೆ ಬೇಕಾದದ್ದು ವಿವರಿಸಿ ಹೇಳಬಲ್ಲ ಮಾರ್ಗದರ್ಶಿ. ಕಿವಿ ಕೇಳದವರಿಗೆ ಬೇಕಾದದ್ದು ಸರಳ ಬರಹ ಮತ್ತು ಸನ್ನೆಭಾಷೆ. ಹೊರಡುವ ಮೊದಲೇ ಎಲ್ಲರಿಗೂ ಬೇಕಾದದ್ದು ನಿಜವಾದ ಮಾಹಿತಿ: ಮೆಟ್ಟಿಲು ಎಷ್ಟು, ಬಾಗಿಲು ಎಷ್ಟು ಅಗಲ, ಶೌಚಾಲಯ ಎಲ್ಲಿ. ಇದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಒಳಗೊಳ್ಳುವಿಕೆಯ ಪ್ರಶ್ನೆ ಬರುವವರದಷ್ಟೇ ಅಲ್ಲ, ಇರುವವರದೂ ಹೌದು. ಬಿಳಿಗಿರಿರಂಗನ ಬೆಟ್ಟವನ್ನು ನೋಡಿ. 1974ರಲ್ಲಿ ಅದು ವನ್ಯಧಾಮವಾಯಿತು. ಕಾಡಿನೊಳಗೆ ಚದುರಿ ಬಾಳುತ್ತಿದ್ದ ಸೋಲಿಗರು ಪೋಡುಗಳಲ್ಲಿ ನೆಲೆಯೂರಬೇಕಾಯಿತು. ಅವರು ತರಗಿಗೆ ಹಚ್ಚುತ್ತಿದ್ದ ಬೆಂಕಿ ನಿಂತಿತು. ಲಂಟಾನಾ ಹಬ್ಬಿದ್ದಕ್ಕೆ ಈ ಬೆಂಕಿ ನಿಂತದ್ದೂ ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಅಂತಹ ಕಾಡಿನಲ್ಲಿ ಪ್ರವಾಸಿಗೆ ದೊಡ್ಡ ಸಂಪಿಗೆಯ ಕಥೆಯನ್ನು ಹೇಳಬೇಕಾದವರು ಯಾರು? ಸಂಜೆಯ ಹೊತ್ತು ಕುಣಿದು ತೋರಿಸಲು ಕರೆದರೆ ಅದು ಒಳಗೊಳ್ಳುವಿಕೆಯಲ್ಲ. ಮಾರ್ಗದರ್ಶಿಯಾಗಿ, ವ್ಯವಸ್ಥಾಪಕರಾಗಿ, ಯಾವ ದಾರಿ ತೆರೆಯಬೇಕು ಯಾವುದು ಮುಚ್ಚಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಸದಸ್ಯರಾಗಿ ಕುಳಿತರೆ ಅದು ಒಳಗೊಳ್ಳುವಿಕೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗರ ಮಟ್ಟಿಗೂ, ಹೋಂಸ್ಟೇಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹೆಂಗಸರ ಮಟ್ಟಿಗೂ ಇದೇ ಮಾತು.

ಇಂತಹ ಬದಲಾವಣೆ ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಯ ಭಾಷಣದಿಂದ ಬಾರದು. ಅದು ಸಂಸ್ಥೆಯ ಕಡತಗಳೊಳಗೆ ಇಳಿಯಬೇಕು. ಟೆಂಡರಿನ ಷರತ್ತಿನಲ್ಲಿ ಇಳಿಜಾರಿನ ಅಳತೆಯೂ ಮಣ್ಣಿನ ರಕ್ಷಣೆಯೂ ಒಟ್ಟಿಗೆ ಬರೆದಿರಬೇಕು. ಕಟ್ಟಡ ಪೂರ್ಣಗೊಂಡಿತೆಂದು ಬಿಲ್ಲು ಪಾವತಿಯಾಗುವ ಮುನ್ನ ಅದನ್ನು ವಿಕಲಚೇತನರೇ ಬಳಸಿ ಪರೀಕ್ಷಿಸಬೇಕು. ಕಾಯ್ದೆ ಹೇಳುವ ಸಮಾನ ಅವಕಾಶ ನೀತಿ ಮತ್ತು ಕುಂದುಕೊರತೆ ಅಧಿಕಾರಿಯ ಹೆಸರು ಪ್ರತಿ ಅತಿಥಿಗೃಹದ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ವಾಹನಗಳಿಗೆ ಮಿತಿ ಹಾಕುವಲ್ಲಿ, ನಡೆಯಲಾಗದವರನ್ನು ಕರೆದೊಯ್ಯಲು ತಗ್ಗಿನ ನೆಲದ ಬ್ಯಾಟರಿ ವಾಹನವೊಂದು ಇರಬೇಕು. ಆಗ ಕಾಡಿನ ಮೇಲಿನ ಹೊರೆ ಇಳಿಯುತ್ತದೆ, ಯಾರೂ ಹೊರಗುಳಿಯುವುದಿಲ್ಲ.

ಕೊನೆಯದಾಗಿ ಪರಿಸರ ಸಂಘಟನೆಗಳಿಗೆ ಒಂದು ವಿನಂತಿ. ರೋಪ್‌ವೇಗೋ ರಸ್ತೆಗೋ ಆಕ್ಷೇಪಣೆ ಸಲ್ಲಿಸುವಾಗ 'ಬೇಡ' ಎಂದು ಬರೆದು ನಿಲ್ಲಿಸಬಾರದು. ನಡೆಯಲಾಗದವರು ಆ ತಾಣವನ್ನು ಹೇಗೆ ಕಾಣಬಹುದು ಎಂಬ ಪರ್ಯಾಯವನ್ನು ಅವರನ್ನೇ ಕೇಳಿ, ಅದೇ ಅರ್ಜಿಯಲ್ಲಿ ಸೇರಿಸಬೇಕು. ಆಗ ಅವರ ಹೆಸರನ್ನು ಗುತ್ತಿಗೆದಾರರು ಬಳಸಿಕೊಳ್ಳಲಾರರು. ಪರಿಸರ ಸಭೆಗಳು ಅನೇಕ ವೇಳೆ ಮಹಡಿಯ ಮೇಲೆ, ಮೆಟ್ಟಿಲೇರಿ ಹೋಗುವ ಸಭಾಂಗಣಗಳಲ್ಲಿ ನಡೆಯುತ್ತವೆ. ಮುಂದಿನ ಸಭೆಯನ್ನು ನೆಲಮಾಳಿಗೆಯಲ್ಲೂ ಅಲ್ಲ, ಮಹಡಿಯಲ್ಲೂ ಅಲ್ಲ, ಅಂಗಳದ ಮಟ್ಟದಲ್ಲೇ ಸೇರಿಸುವುದರಿಂದ ಈ ಕೆಲಸಕ್ಕೆ ಆರಂಭವಾಗಲಿ.