ಖಿನ್ನತೆಗೆ ಹೊಸ ಮದ್ದು: ಕೆಟಮಿನ್ ತೋರಿದ ದಾರಿ



ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೂ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೂ ನಡುವೆ ಅರ್ಧ ಬೆಂಗಳೂರು ಇದೆ. ಅರಿವನ್ನೇ ಬದಲಿಸುವ ಸೈಕೆಡೆಲಿಕ್ ಔಷಧಿಗಳ ಮಾತು ಬಂದಾಗ ಈ ಎರಡೂ ಕಡೆಯವರು ಜೊತೆಗೆ ಕೂರದೆ ಕೆಲಸ ಸಾಗದು.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಎರಡು ಮೂರು ಬಗೆಯ ಮಾತ್ರೆ ಬದಲಿಸಿದರೂ ಚೇತರಿಸಿಕೊಳ್ಳದವರು ಅವರಲ್ಲಿ ಕಡಿಮೆಯಿಲ್ಲ. ಹೊಸ ಮದ್ದುಗಳ ಸಂಶೋಧನೆಯೆಲ್ಲ ಅವರಿಗಾಗಿ.

ಅಂಥವರಿಗೆ ಮೊದಲು ಆಸರೆಯಾದದ್ದು ಆಪರೇಷನ್ ಥಿಯೇಟರಿನ ಹಳೆಯ ಅರಿವಳಿಕೆ ಕೆಟಮಿನ್. ಎಲ್‌ಎಸ್‌ಡಿ, ಸೈಲೋಸೈಬಿನ್‌ಗಳ ಸೈಕೆಡೆಲಿಕ್ ಕುಲಕ್ಕೆ ಅದು ಸೇರದು. ಆದರೂ ಅರಿವಿನ ಸ್ಥಿತಿಯನ್ನೇ ಕೆಲಹೊತ್ತು ಬದಲಿಸುತ್ತದೆ. ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂನಂತೆ 40 ನಿಮಿಷ ರಕ್ತನಾಳಕ್ಕೆ ಹರಿಸಿದರೆ ಕೆಲವರಿಗೆ ಗಂಟೆಗಳೊಳಗೆ ಮನಸ್ಸು ಹಗುರಾಗುತ್ತದೆ. ಮಾಮೂಲಿ ಮಾತ್ರೆಗಳಿಗೆ ವಾರಗಳು ಬೇಕು. ಆದರೆ ಈ ನೆಮ್ಮದಿ ಹಲವರಲ್ಲಿ ಕೆಲವೇ ದಿನಗಳಲ್ಲಿ ಕರಗುತ್ತದೆ. ಎಷ್ಟು ಪ್ರಮಾಣ, ಯಾವ ಮಾರ್ಗ, ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗಳನ್ನು ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರೇಡ್ 2017ರ ಲೇಖನಮಾಲೆಯಲ್ಲಿ ಒಂದೊಂದಾಗಿ ಬಿಡಿಸಿಟ್ಟರು. ಬೆಂಗಳೂರಿನಿಂದ ಹೊರಟ ಆ ಬರಹ ಜಗತ್ತಿನ ವೈದ್ಯರಿಗೆ ಕೈಪಿಡಿಯಾಗಿ ಒದಗಿತು ಎಂಬುದು ಹೆಮ್ಮೆಯ ಸಂಗತಿ.

ಕಾನೂನಿನ ಕಡೆಯನ್ನೂ ಗಮನಿಸಿ: 2011ರಲ್ಲಿ ಕೆಟಮಿನ್ ಭಾರತದ ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿತು. ಚಿಕಿತ್ಸೆ ನಿಲ್ಲಲಿಲ್ಲ. 1985ರ ಆ ಕಾಯ್ದೆಯ 8ನೇ ಸೆಕ್ಷನ್ನೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ನಿಯಮಬದ್ಧ ವಿನಾಯಿತಿ ಕೊಟ್ಟಿದೆ.

ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್ ವಿಷಯ ಇನ್ನೂ ಸೂಕ್ಷ್ಮ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಚಿಕಿತ್ಸೆಗೆ ಬಗ್ಗದ ಖಿನ್ನತೆಯ 233 ಮಂದಿ ಇದ್ದರು. ಮೂರು ವಾರಗಳ ಹೊತ್ತಿಗೆ 25 ಮಿಲಿಗ್ರಾಂ ಪಡೆದವರಲ್ಲಿ ಶೇ. 37ರಷ್ಟು, 1 ಮಿಲಿಗ್ರಾಂ ಪಡೆದವರಲ್ಲಿ ಶೇ. 18ರಷ್ಟು ಜನರಿಗೆ ಗಣನೀಯ ಸುಧಾರಣೆಯಾಯಿತು. ಆದರೆ 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು 59 ಮಂದಿಯಲ್ಲಿ ಸೈಲೋಸೈಬಿನ್ ಅನ್ನು ಖಿನ್ನತೆಯ ಮಾಮೂಲಿ ಮಾತ್ರೆ ಎಸ್ಸಿಟಲೋಪ್ರಾಮ್ ಜೊತೆ ಹೋಲಿಸಿದಾಗ ಮುಖ್ಯ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ತೊಡಕು: ಪೂರ್ಣ ಪ್ರಮಾಣದ ಔಷಧಿ ಪಡೆದವರಿಗೆ ಅದು ಗೊತ್ತಾಗಿಯೇ ಬಿಡುತ್ತದೆ. ಹಾಗಾಗಿ ಭರವಸೆಯ ಪಾಲೆಷ್ಟು, ಮದ್ದಿನ ಪಾಲೆಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಆಸ್ಟ್ರೇಲಿಯಾ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರಿಗೆ ಸೈಲೋಸೈಬಿನ್ ಕೊಡಲು ಬಿಟ್ಟಿದೆ. ಆ ಆತುರ ಇಲ್ಲಿ ಬೇಡ. ಬೇಕಿರುವುದು ಕಟ್ಟುನಿಟ್ಟಿನ ಪ್ರಯೋಗ.

ನ್ಯಾಯಾಲಯಗಳೂ ಈ ಚರ್ಚೆಯೊಳಗಿವೆ. ಸೈಲೋಸೈಬಿನ್ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದ್ದರೂ ಅದನ್ನು ಒಳಗೊಂಡ ಅಣಬೆಯನ್ನು ಆ ಕಾಯ್ದೆ ಹೇಳುವ ಮಿಶ್ರಣವೆಂದು ಪರಿಗಣಿಸಲಾಗದು ಎಂದು 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಜಾಮೀನು ಆದೇಶವೊಂದರಲ್ಲಿ ಹೇಳಿತು. ಆ ಆದೇಶವನ್ನು ಕಾಡಿನ ಅಣಬೆ ತಿಂದು ಖಿನ್ನತೆ ನೀಗಿಸಿಕೊಳ್ಳಲು ಸಿಕ್ಕ ಪರವಾನಗಿ ಎಂದು ಓದುವುದು ಅಪಾಯ. ಪ್ರಯೋಗಗಳಲ್ಲಿ ಅಳೆದ ಪ್ರಮಾಣವಿರುತ್ತದೆ, ತರಬೇತಿ ಪಡೆದವರು ಆರೇಳು ಗಂಟೆ ಪಕ್ಕದಲ್ಲೇ ಇರುತ್ತಾರೆ.

ಆ ಆರೇಳು ಗಂಟೆಗಳ ಬಗ್ಗೆಯೇ ಈ ವಿಚಾರ ಸಂಕಿರಣದಲ್ಲಿ ಚರ್ಚೆಯಾಗಬೇಕು. ಚಾಮರಾಜನಗರದಿಂದ ಬಂದ ರೋಗಿ ಭಯಬಿದ್ದಾಗ ಅವರ ಕನ್ನಡದಲ್ಲೇ ಧೈರ್ಯ ಹೇಳುವವರನ್ನು ತಯಾರು ಮಾಡುವವರು ಯಾರು? ಅರಿವೇ ಬದಲಾಗುವ ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಪಡೆದ ಮೇಲೆ, ಮಧ್ಯದಲ್ಲಿ ರೋಗಿ 'ಸಾಕು' ಎಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಬೆಳಕಿನಲ್ಲಿ ವೈದ್ಯರು ಏನು ಮಾಡಬೇಕು? ಮೊದಲ ಗೋಷ್ಠಿ ಈ ಎರಡು ಪ್ರಶ್ನೆಗಳಿಂದ ಶುರುವಾಗಲಿ.