ಬಂಗಾರ ಒತ್ತೆ ಇಟ್ಟವರು, ಬಡ್ಡಿ ಕಟ್ಟಿದವರು
(ಮಸ್ಕಿಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೈತರ ಮುಂದೆ ಮಾಡಿದ ಭಾಷಣದ ಬರಹರೂಪ)



ಕಷ್ಟಕಾಲದಲ್ಲಿ ದೇಶದ ನಾಯಕರು ನಿರ್ಧಾರ ಹೆಂಗ ಮಾಡ್ತಾರ ಅನ್ನುವುದರ ಮೇಲೆ ನಾಲ್ಕು ಮಾತು ಹೇಳ್ರಿ ಅಂತ ನೀವು ಕೇಳೀರಿ. ನಾನು ಪಂಡಿತನಲ್ಲ. ನೆಲ್ಲು ಬೆಳೆದವನು, ಸಾಲ ಮಾಡಿದವನು, ಬಡ್ಡಿ ಕಟ್ಟಿದವನು. ಆ ಕಣ್ಣಿನಿಂದಲೇ ನೋಡಿ ಹೇಳ್ತೀನಿ.

ಈ ಊರಿನ ಬಂಡೆಯಿಂದಲೇ ಶುರು ಮಾಡೋಣ. 1915ರಲ್ಲಿ ಬಂಗಾರದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಇಲ್ಲಿಯ ಶಾಸನ ಕಣ್ಣಿಗೆ ಬಿತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅನ್ನುವ ಊಹೆಗೆ ಗಟ್ಟಿ ಸಾಕ್ಷಿ ಸಿಕ್ಕದ್ದು ಈ ಮಸ್ಕಿಯಲ್ಲಿ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಮೇಲಕ್ಕೇರಬಲ್ಲ ಅಂತ ಅದರಲ್ಲಿ ಹೇಳಿಸ್ಯಾನ. ಒಳ್ಳೆ ಮಾತು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದೆವು ಅಂತ ಅದೇ ಅಶೋಕ ಬೇರೆ ಬಂಡೆಗಳ ಮೇಲೆ ಬರೆಸಿ ಮರುಗಿದ. ಆದರೆ ಕಳಿಂಗದೊಳಗಿನ ಧೌಲಿ, ಜೌಗಡದ ಬಂಡೆಗಳ ಮೇಲೆ ಮಾತ್ರ ಆ ಶಾಸನ ಇಲ್ಲ! ಊರಿಗೆಲ್ಲ ಹೇಳಿದ, ಪೆಟ್ಟು ತಿಂದವರಿಗೆ ಹೇಳಲಿಲ್ಲ. ಎರಡು ಸಾವಿರ ವರ್ಷ ಆದರೂ ಆ ಚಾಳಿ ಹೋಗಿಲ್ಲ ಅಂತ ನನಗನಿಸ್ತದ.

1965 ನೆನಪು ಮಾಡ್ಕೊಳ್ರಿ. ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಬರ. ಹಿಂದಿನ ವರ್ಷ ಸುಮಾರು 8.9 ಕೋಟಿ ಟನ್ ಇದ್ದ ಆಹಾರಧಾನ್ಯ 7.2 ಕೋಟಿ ಟನ್ನಿಗೆ ಇಳಿಯಿತು. ಅಮೆರಿಕದ ಗೋಧಿ ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ಹಗ್ಗ ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದ. ಆಗ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡ್ರಿ ಅಂತ ಜನರನ್ನು ಕೇಳಿದರು. ಮೊದಲು ತಮ್ಮ ಮನೆಯಲ್ಲಿ ಬಿಟ್ಟು, ಆಮೇಲೆ ಕೇಳಿದರು. ಆಹಾರ ಮಂತ್ರಿ ಸಿ. ಸುಬ್ರಮಣ್ಯಂ, ರೈತನಿಗೆ ಲಾಭದ ದರ ಸಿಗದೆ ಧಾನ್ಯ ಹುಟ್ಟುವುದಿಲ್ಲ ಅಂತ ವಾದ ಮಾಡಿದರು. ಹಣಕಾಸು ಖಾತೆ ಒಪ್ಪಲಿಲ್ಲ. ಶಾಸ್ತ್ರಿಯವರು ಸುಬ್ರಮಣ್ಯಂ ಪರ ನಿಂತರು. ಆಹಾರ ನಿಗಮ, ಕೃಷಿ ಬೆಲೆ ಆಯೋಗ ಎರಡೂ ಹುಟ್ಟಿದ್ದು 1965ರ ಜನವರಿಯಲ್ಲಿ. 1966ರಲ್ಲಿ 18,000 ಟನ್ ಮೆಕ್ಸಿಕೋ ಗೋಧಿ ಬೀಜ ತರಿಸಿದರು. ಅಷ್ಟರಲ್ಲಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡಿದ್ದರು.

ನಾಯಕತ್ವ ಅಂದರೆ ಅದು ಅಂತ ನಾನು ಒಪ್ತೀನಿ. ಆದರೆ ಆಯೋಗ ಹುಟ್ಟಿತಲ್ಲ, ಅದರ ಕಣ್ಣು ಬರಬರುತ್ತ ಯಾವ ಕಡೆ ತಿರುಗಿತು? ಪಟ್ಟಣದ ರೇಷನ್ ಅಂಗಡಿ ಕಡೆ. ಲೆವಿ ನೆಲ್ಲು ಅಳೆದುಕೊಟ್ಟ ಹಿರಿಯರನ್ನು ಕೇಳ್ರಿ, ಹೇಳ್ತಾರ.

ಈಗ 1991ಕ್ಕೆ ಬರೋಣ. ಲಿಂಗಸುಗೂರಿನವರಿಗೆ ಈ ಕಥೆ ಬೇಗ ತಿಳೀತದ, ಯಾಕಂದ್ರ ಹಟ್ಟಿ ಚಿನ್ನದ ಗಣಿ ನಿಮ್ಮ ತಾಲ್ಲೂಕಿನದೇ. ದೇಶದ ಬೊಕ್ಕಸದಲ್ಲಿ ಎರಡು-ಮೂರು ವಾರದ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ಮೇ ತಿಂಗಳಲ್ಲಿ ಚಂದ್ರಶೇಖರ್ ಸರ್ಕಾರ 20 ಟನ್ ಬಂಗಾರ ಹೊರಗೆ ಕಳಿಸಿತು. ಜುಲೈನಲ್ಲಿ ನರಸಿಂಹರಾವ್ ಸರ್ಕಾರ ಇನ್ನೂ ಸುಮಾರು 47 ಟನ್ ಒತ್ತೆ ಇಟ್ಟಿತು. ಪತ್ರಿಕೆಯವರೆಲ್ಲ ಮಾನ ಹೋಯಿತು ಅಂತ ಬರೆದರು. ನಮಗೆ ಅದರಲ್ಲಿ ಆಶ್ಚರ್ಯ ಏನಿತ್ತು? ಬಿತ್ತಿಗೆ ಮುಂಚೆ ಹೆಂಡತಿಯ ಸರ ಸೊಸೈಟಿಗೆ ಹೋಗುವುದು, ರಾಶಿ ಆದ ಮೇಲೆ ಬಂದರೆ ಬರುವುದು ನಮ್ಮಲ್ಲಿ ಪ್ರತಿ ವರ್ಷದ ಪಂಚಾಂಗ.

ರೂಪಾಯಿ ಬೆಲೆಯನ್ನು ಜುಲೈ 1ರಂದು ಒಮ್ಮೆ, 3ರಂದು ಇನ್ನೊಮ್ಮೆ ಇಳಿಸಿದರು. ಮೊದಲನೆಯದು ಆದ ಮೇಲೆ ರಾವ್ ಅವರಿಗೆ ಅಳುಕು ಹುಟ್ಟಿತು. ಎರಡನೆಯದು ನಿಲ್ಲಿಸ್ರಿ ಅಂತ ಮನಮೋಹನ ಸಿಂಗರಿಗೆ ಹೇಳಿದರು. ರಿಸರ್ವ್ ಬ್ಯಾಂಕಿನ ರಂಗರಾಜನ್ನರನ್ನು ವಿಚಾರಿಸಿದರೆ, ಆಗಿಹೋಯ್ತಲ್ಲ ಅಂದರಂತೆ! ದೊಡ್ಡವರ ನಿರ್ಧಾರವೂ ಹಿಂಗ ಇರ್ತದ ನೋಡ್ರಿ. ಅಳುಕು, ಅವಸರ, ಒಂದು ಫೋನು.

ಜುಲೈ 24ರ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆ ಶೇಕಡಾ 40 ಏರಿತು. ಬೊಕ್ಕಸ ಖಾಲಿ ಇದ್ದದ್ದು ನಿಜ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಗದ್ದಲ ಎದ್ದಿತು, ಆಳುವ ಪಕ್ಷದ ಎಂ.ಪಿ.ಗಳೇ ತಿರುಗಿಬಿದ್ದರು. ಆಗಸ್ಟಿನಲ್ಲಿ 40 ಹೋಗಿ 30 ಆಯಿತು, ಸಣ್ಣ ರೈತರಿಗೆ ವಿನಾಯ್ತಿ ಅಂದರು. ಅಂಗಡಿಯವನು ಪಹಣಿ ಓದಿ ಗೊಬ್ಬರ ತೂಗುವುದು ಎಷ್ಟು ಸುಲಭ, ನೀವೇ ಹೇಳ್ರಿ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರದ ದರ ನಿಯಂತ್ರಣ ತೆಗೆದು, ಯೂರಿಯಾ ಮಾತ್ರ ಅಗ್ಗ ಉಳಿಸಿದರು. ಸಿಂಧನೂರಿನ ಗದ್ದೆಗೆ ಯೂರಿಯಾ ಸುರಿದದ್ದು ರೈತನ ದಡ್ಡತನ ಅಂತ ಈಗ ನಮಗೇ ಪಾಠ ಹೇಳ್ತಾರ!

ಕೊನೆಗೆ 2023. ಅಕ್ಕಿ ದರ ವರ್ಷದಲ್ಲಿ ಶೇಕಡಾ 11ರ ಮೇಲೆ ಏರಿತು ಅಂತ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದರು. ಅಮೆರಿಕದಲ್ಲಿ ನಮ್ಮ ಕನ್ನಡ, ತೆಲುಗು ಮಂದಿ ಸೋನಾ ಮಸೂರಿ ಚೀಲಕ್ಕೆ ಅಂಗಡಿ ಮುಂದೆ ಸಾಲುಗಟ್ಟಿ ನಿಂತರು. ತಿನ್ನುವವನಿಗೆ ಬೇಕು, ಬೆಳೆದವನ ಹತ್ತಿರ ಇದೆ, ನಡುವೆ ಬಾಗಿಲು ಹಾಕಿದೆ. ಆ ವರ್ಷ ಬರ ಬಿದ್ದು ಬೆಳೆ ಕಡಿಮೆಯಾಗಿ ಒಳಗಿನ ದರ ನೆಲಕಚ್ಚಲಿಲ್ಲ, ಅದು ಬೇರೆ ಮಾತು. ಇಳುವರಿ ಕಳಕೊಂಡವನಿಗೆ ದರವಾದರೂ ಪೂರ್ತಿ ಸಿಗಬೇಕಿತ್ತು. ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ 28ರಂದು, ಹದಿನಾಲ್ಕು ತಿಂಗಳ ಮೇಲೆ.

ಮೂರೂ ಸಲ ದಿಲ್ಲಿಯ ಮೇಜಿನ ಮೇಲೆ ಏನೇನೋ ಲೆಕ್ಕ ಇತ್ತು. ಡಾಲರ್ ಲೆಕ್ಕ, ರೇಷನ್ ಲೆಕ್ಕ, ಹೇಳದಿದ್ದರೂ ವೋಟಿನ ಲೆಕ್ಕ. ನಮ್ಮ ಸಾಲದ ಗಡುವಿನ ಲೆಕ್ಕ ಅಲ್ಲಿತ್ತೇ? ಬೆಳೆ ಹಾಳಾದರೆ, ಸರ್ಕಾರ ಬರ ಅಂತ ಸಾರಿದರೆ, ಬೆಳೆಸಾಲವನ್ನು ಮುಂದಿನ ವರ್ಷಗಳ ಕಂತಿಗೆ ಬದಲಿಸಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮಳೆ ಕೈಕೊಟ್ಟರೆ ಅದು ವಿಪತ್ತು. ದಿಲ್ಲಿ ಒಂದು ಸಂಜೆ ಆದೇಶ ಹೊರಡಿಸಿ ದರ ಕಟ್ಟಿಹಾಕಿದರೆ ಅದು ವಿಪತ್ತಲ್ಲ. ಕಂತು ಅದೇ ತಾರೀಖಿಗೆ ಕಟ್ಟಬೇಕು. ನಾಯಕರು ಕಠಿಣ ನಿರ್ಧಾರ ಮಾಡಬಾರದು ಅಂತ ನಾನು ಹೇಳೋದಿಲ್ಲ. ರಫ್ತು ನಿಲ್ಲಿಸುವ ಆದೇಶದಲ್ಲೇ ಅದು ಮುಗಿಯುವ ತಾರೀಖೂ ಇರಲಿ, ಆ ಬೆಳೆಯ ಸಾಲದ ಗಡುವು ಮುಂದಕ್ಕೆ ಹೋಗಲಿ, ನಡುವಿನ ಬಡ್ಡಿ ಸರ್ಕಾರ ಹೊರಲಿ. ಇಷ್ಟೇ ನಮ್ಮ ಕೇಳಿಕೆ.

ಬರೀ ಭಾಷಣದಿಂದ ಇದು ಆಗೋದಿಲ್ಲ. 2023ರ ಜುಲೈಯಿಂದ 2024ರ ಸೆಪ್ಟೆಂಬರ್ ವರೆಗೆ ನೆಲ್ಲು ಮಾರಿದವರು ದಲಾಲಿ ಅಂಗಡಿಯ ಪಟ್ಟಿ, ಸಾಲದ ಪುಸ್ತಕ ಎರಡನ್ನೂ ಹುಡುಕಿ ತೆಗೀರಿ. ಮುಂದಿನ ಸಭೆಗೆ ಬರುವಾಗ ಕೈಯಲ್ಲಿ ಹಿಡ್ಕೊಂಡು ಬರ್ರಿ. ಊರುವಾರು ಕೂಡಿಸಿ ಬರೆದುಕೊಳ್ಳೋಣ.