ಮಾರಲಿರುವ ಮನೆ, ಬರಲಿರುವ ಬಾಡಿಗೆದಾರ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಬರಿಗೈಯಲ್ಲಿ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ, ಗಿರಣಿಯಲ್ಲಿ, ಕಚೇರಿಯಲ್ಲಿ ದುಡಿದು, ಹೊಟ್ಟೆಬಟ್ಟೆ ಕಟ್ಟಿ, ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಪುಟ್ಟ ಮನೆ ಮಾಡಿಕೊಂಡವರು. ನಿವೃತ್ತಿಯಾದೊಡನೆ ಊರಿಗೆ ಮರಳುವ ಆಸೆ. ಇಲ್ಲಿಯ ಮನೆಗೆ ತಕ್ಕ ಬೆಲೆ ಬರುವ ತನಕ ಕಾಯಬೇಕು. ಬೀಗ ಹಾಕಿಟ್ಟರೂ ಸೊಸೈಟಿಯ ಖರ್ಚು ತಪ್ಪದು. ಅಷ್ಟರವರೆಗೆ ಬಾಡಿಗೆಗೆ ಕೊಡೋಣವೆಂಬ ವಿಚಾರ ಸಹಜವೇ. ಕೊಡಬಹುದು. ಆದರೆ ಹೇಗೆ ಕೊಡಬೇಕು?

ನಮ್ಮ ಹಿರಿಯರಿಗೆ ಒಂದು ಹೆದರಿಕೆಯಿದೆ. ಮುಂಬಯಿಯ ೧೯೪೭ರ ಬಾಡಿಗೆ ಕಾಯಿದೆಗೆ ತಿದ್ದುಪಡಿಯಾಗಿ, ೧೯೭೩ರ ಫೆಬ್ರವರಿ ೧ರಂದು ಲೈಸೆನ್ಸಿನ ಮೇಲೆ ವಾಸವಾಗಿದ್ದವರು ಬಾಡಿಗೆದಾರರೇ ಆದರು. ಒಳಗೆ ಬಂದವನು ಹೊರಗೆ ಹೋಗನೆಂಬ ಮಾತು ಅಂದಿನದು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಹಾಗಿಲ್ಲ. ವಾಸಕ್ಕೆಂದು 'ಲೀವ್ ಅಂಡ್ ಲೈಸೆನ್ಸ್' ಕರಾರಿನ ಮೇಲೆ ಬಂದವರು ಅವಧಿ ಮುಗಿದೊಡನೆ ಮನೆ ಬಿಡಬೇಕು. ಬಿಡದಿದ್ದರೆ ಇಮ್ಮಡಿ ಶುಲ್ಕ ತೆರಬೇಕು.

ಆದರೆ ಈ ರಕ್ಷಣೆ ಬಾಯಿಮಾತಿಗಿಲ್ಲ. ಕರಾರನ್ನು ಬರೆದು ನೋಂದಣಿ ಮಾಡಿಸುವ ಹೊಣೆ ಮನೆಯೊಡೆಯನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ೫,೦೦೦ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೇಲಾಗಿ, ಷರತ್ತುಗಳ ಬಗ್ಗೆ ವಾಸವಿದ್ದವರು ಹೇಳಿದ್ದೇ ಮೊದಲು ನಿಲ್ಲುತ್ತದೆ. ಊರಿನವರು, ಗುರುತಿನವರು ಎಂದು ಬರವಣಿಗೆ ಬಿಡಬೇಡಿರಿ.

ಲೈಸೆನ್ಸಿನ ಕರಾರು ಕೊಳ್ಳುವವನನ್ನು ಕಟ್ಟಿಹಾಕದೆಂದು ೧೮೮೨ರ ಈಸ್‌ಮೆಂಟ್ ಕಾಯಿದೆ ಹೇಳುತ್ತದೆ, ನಿಜ. ಆದರೆ ಕಾಯಿದೆ ಒಂದು, ವ್ಯವಹಾರ ಇನ್ನೊಂದು. ಕೊಳ್ಳುವವನಿಗೆ ಖಾಲಿ ಮನೆ ಬೇಕು. ಒಳಗಿರುವವರಿಗೋ, ಮಗುವಿನ ಶಾಲೆಯನ್ನು ನಡುವೆ ಬಿಡಿಸದಿರುವ ಚಿಂತೆ.

ಆದುದರಿಂದ ನಾಲ್ಕು ಮಾತುಗಳನ್ನು ಮನದಲ್ಲಿಡೋಣ.

ಒಂದು: ಮಾರುವ ವಿಚಾರವನ್ನು ಮೊದಲ ದಿನವೇ ಹೇಳಬೇಕು. ಹೇಳಿದರೆ ಬಾಡಿಗೆ ತುಸು ಕಡಿಮೆಯಾದೀತು. ಮುಚ್ಚಿಟ್ಟರೆ ಜಗಳ ತಪ್ಪದು.

ಎರಡು: ಅವಧಿ ಹನ್ನೊಂದು ತಿಂಗಳಿಗೆ ಮೀರದಿರಲಿ, ನಡುವೆ ಬಿಡಿಸಬೇಕಾದರೆ ಎಷ್ಟು ತಿಂಗಳ ನೋಟೀಸೆಂಬುದು ಕರಾರಿನಲ್ಲೇ ಇರಲಿ. ಇಂತಿಷ್ಟು ತಿಂಗಳು ಯಾರೂ ಬಿಡಿಸಕೂಡದೆಂಬ ಷರತ್ತಿಗೆ ಓದದೆ ಸಹಿ ಹಾಕಬಾರದು. ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಅವಧಿ ಬೇಸಗೆಯ ರಜೆಯಲ್ಲಿ ಮುಗಿದರೆ ಇಬ್ಬರಿಗೂ ಹಿತ.

ಮೂರು: ಮನೆ ನೋಡಲು ಜನ ಬರುವ ದಿನ, ವೇಳೆಗಳನ್ನು ಬರೆದಿಡಬೇಕು. ಇನ್ನೊಬ್ಬರ ಸಂಸಾರದೊಳಕ್ಕೆ ದಲ್ಲಾಳಿಗಳನ್ನು ಹೇಳದೆ ಕೇಳದೆ ನುಗ್ಗಿಸುವುದು ಸಭ್ಯತೆಯಲ್ಲ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ಠೇವಣಿ ನಮ್ಮ ಹಣವಲ್ಲ. ಅದನ್ನು ಊರಿನ ಮನೆಯ ಹೆಂಚಿಗೋ ಮಗಳ ಮದುವೆಗೋ ತೆಗೆದರೆ, ಕೊಳ್ಳುವವನು ಬಾಗಿಲಿಗೆ ಬಂದ ದಿನ ಹಿಂದಿರುಗಿಸುವುದೆಲ್ಲಿಂದ? ಠೇವಣಿ ಸಿಗದೆ ಹೊರಡೆನೆಂದರೆ ಆ ಮಾತು ನ್ಯಾಯವೇ. ಇನ್ನೊಂದು ಮನೆ ಹಿಡಿಯಲು ಅವರಿಗೆ ಆ ಹಣವೇ ಆಧಾರ. ಅದು ಬ್ಯಾಂಕಿನಲ್ಲಿ ಮುಟ್ಟದೆ ಇರಲಿ.

ಈ ಸಭೆಯಲ್ಲಿ ಮನೆಯೊಡೆಯರೂ ಇದ್ದೀರಿ, ಬಾಡಿಗೆದಾರರೂ ಇದ್ದೀರಿ. ಮನೆ ಹಿಡಿಯುವವರು 'ಇದನ್ನು ಮಾರುವ ವಿಚಾರವಿದೆಯೇ?' ಎಂದು ಸಂಕೋಚವಿಲ್ಲದೆ ಕೇಳಿರಿ. ಕೊಡುವವರು ಸಂಕೋಚವಿಲ್ಲದೆ ಉತ್ತರಿಸಿರಿ. ದುಡಿದು ಗಳಿಸಿದ ಮನೆ ಒಳ್ಳೆಯ ಬೆಲೆಗೆ ಹೋಗಲಿ. ಅದರಲ್ಲಿದ್ದವರೂ ಒಳ್ಳೆಯ ಮಾತಿನಿಂದ ಹೋಗಲಿ.